ಹಳೇ ಲಾರಿಗೆ 7, 13, 16 ಪಿಎಸ್‌ಐ ರೇಡಿಯೇಟರ್ ಕ್ಯಾಪ್: ಮೂರೂ ತರಿಸಿ ನೋಡಿದ ಮೇಲೆ

ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ. ನನ್ನ ಹಳೇ ಲಾರಿಯ ರೇಡಿಯೇಟರ್ ಮೇಲೆ ಈಗ ಕೂತಿರುವುದು 7 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಒತ್ತಡದ ಅಳತೆ) ಕ್ಯಾಪ್, ಮೇಲೆ ಲಿವರ್ ಇರುವ ಥರದ್ದು. 13ರದ್ದು ಒಳ್ಳೇ ಮಾಲು, ಆದರೆ ಈ ಗಾಡಿಗೆ ಸದ್ಯಕ್ಕೆ ಬೇಡ. 16ರದ್ದು ಯಾವ ಗಾಡಿಗೂ ಬೇಡ. ಅಂದರೆ ನನ್ನ ಕೈಗೆ ಬಂದ ಆ ಕ್ಯಾಪ್ ಬೇಡ, 16 ಅನ್ನೋ ಅಂಕಿಯ ಮೇಲೆ ನನಗೇನೂ ಸಿಟ್ಟಿಲ್ಲ.

ಹಳೇ ಗಾಡಿ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಮಾತೊಂದಿದೆ. ಏರು ರಸ್ತೆಯಲ್ಲಿ ಟೆಂಪರೇಚರ್ ಮುಳ್ಳು ಸ್ವಲ್ಪ ಮೇಲೆ ಹೋದರೆ ಸಾಕು, 'ಜಾಸ್ತಿ ಪ್ರೆಶರ್ ಕ್ಯಾಪ್ ಹಾಕಿಬಿಡಿ, ಸರಿ ಹೋಗುತ್ತೆ' ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಸರಿ ಹೋಗಲ್ಲ. ಕ್ಯಾಪ್ ಇಂಜಿನ್ನನ್ನು ತಣ್ಣಗೆ ಮಾಡುವುದಿಲ್ಲ. ಶಾಖ ಹೊರಗೆ ಹೋಗುವುದು ರೇಡಿಯೇಟರ್ ಎಷ್ಟು ದೊಡ್ಡದಿದೆ, ಅದರೊಳಗೆ ನೀರು ಎಷ್ಟು ಸಲೀಸಾಗಿ ಹರಿಯುತ್ತದೆ, ಫ್ಯಾನ್ ಎಷ್ಟು ಗಾಳಿ ಎಳೆಯುತ್ತದೆ ಅನ್ನೋದರ ಮೇಲೆ. ಕ್ಯಾಪ್ ಮಾಡುವ ಕೆಲಸ ಕುಕ್ಕರಿನ ವೆಯ್ಟ್ ಮಾಡುವ ಕೆಲಸವೇ: ಒಳಗೆ ಒತ್ತಡ ಹಿಡಿದಿಟ್ಟು ಕುದಿಯುವುದನ್ನು ಮುಂದಕ್ಕೆ ಹಾಕುವುದು. 7ರ ಕ್ಯಾಪ್ ತೆಗೆದು 16 ಹಾಕಿದರೆ ಮುಳ್ಳು ಮೊದಲು ನಿಲ್ಲುತ್ತಿದ್ದ ಕಡೆಯೇ ನಿಲ್ಲುತ್ತದೆ. ಕೆಲವೊಮ್ಮೆ ಇನ್ನೂ ಮೇಲೆ ಹೋಗುತ್ತದೆ, ಯಾಕೆಂದರೆ ಮೊದಲು ಕುದಿದು ಹೊರಗೆ ಉಗುಳುತ್ತಿದ್ದ ಗಾಡಿ ಈಗ ಉಗುಳದೆ ಸುಮ್ನೆ ಬಿಸಿಯಾಗುತ್ತಾ ಹೋಗುತ್ತದೆ.

ಅಂಕಿ ಬೇಕು ಅನ್ನುವವರಿಗೆ ಇಲ್ಲಿದೆ. ಸಮುದ್ರಮಟ್ಟದಲ್ಲಿ, ಬರೀ ನೀರಾದರೆ, ಒತ್ತಡವಿಲ್ಲದೆ 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. 4 ಪಿಎಸ್‌ಐ ಇದ್ದರೆ ಸುಮಾರು 107. 7 ಇದ್ದರೆ 111. 13ಕ್ಕೆ 119ರ ಹತ್ತಿರ, 16ಕ್ಕೆ 122. ಅರ್ಧಕ್ಕರ್ಧ ಎಥಿಲೀನ್ ಗ್ಲೈಕಾಲ್ ಕೂಲೆಂಟ್ ಬೆರೆಸಿದರೆ ಒತ್ತಡ ಇಲ್ಲದೆಯೇ 107ರ ಆಸುಪಾಸು ಸಿಗುತ್ತದೆ, ಮೇಲೆ 15 ಪಿಎಸ್‌ಐ ಕೂತರೆ 129ರವರೆಗೂ ಹೋಗುತ್ತದೆ. ಒಂದು ಪಿಎಸ್‌ಐಗೆ ಸುಮಾರು ಒಂದೂವರೆ ಡಿಗ್ರಿ ಅಂತ ಲೆಕ್ಕ ಹಿಡಿದರೆ ಸಾಕು. ಈಗ ಇದನ್ನು ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲೆ ರೇಡಿಯೇಟರ್ ಕಡೆಗೆ ನೀರು ಬಿಡುವ ವಾಲ್ವ್) ಜೊತೆ ಇಟ್ಟು ನೋಡಿ. 82 ಡಿಗ್ರಿಗೆ ತೆರೆಯುವ ಥರ್ಮೋಸ್ಟಾಟ್ ಇರುವ ಇಂಜಿನ್, ಎಲ್ಲ ಸರಿಯಿದ್ದರೆ, ಏರಿನಲ್ಲೂ 95 ದಾಟುವುದು ಕಷ್ಟ. ಕೂಲೆಂಟ್ ಜೊತೆ 7ರ ಕ್ಯಾಪ್ ಇದ್ದರೆ ಕುದಿಯುವ ಮಟ್ಟ 118ರ ಹತ್ತಿರ. ಮಧ್ಯೆ ಇಪ್ಪತ್ತು ಡಿಗ್ರಿಗೂ ಜಾಸ್ತಿ ಜಾಗ ಇದೆ. ಆ ಜಾಗ ಸಾಲದೆ ನಿಮ್ಮ ಗಾಡಿ ಕುದಿಯುತ್ತಿದೆ ಅಂದರೆ ತಪ್ಪು ಕ್ಯಾಪಿನದ್ದಲ್ಲ. ರೇಡಿಯೇಟರಿನ ಕೋರ್, ಅಂದರೆ ನೀರು ಹರಿಯುವ ಟ್ಯೂಬುಗಳ ಭಾಗ, ಕಟ್ಟಿರಬೇಕು, ಬೆಲ್ಟ್ ಜಾರುತ್ತಿರಬೇಕು, ಫ್ಯಾನ್ ಸುತ್ತಲಿನ ಶ್ರೌಡ್ (ಕವಚ) ಯಾರೋ ಬಿಚ್ಚಿ ಎಸೆದಿರಬೇಕು, ಇಲ್ಲವೇ ಇಗ್ನಿಶನ್ ಟೈಮಿಂಗ್ ಹಿಂದೆ ಬಿದ್ದಿರಬೇಕು. ಎತ್ತರದ ಜಾಗದಲ್ಲಿ ಓಡಿಸುವವರು ಪ್ರತಿ 300 ಮೀಟರಿಗೆ ಒಂದು ಡಿಗ್ರಿ ಕಳೆದುಕೊಳ್ಳಬೇಕು, ಅಷ್ಟೇ.

ಹಾಗಂತ ಒತ್ತಡದಿಂದ ಲಾಭವೇ ಇಲ್ಲ ಅಂತಲ್ಲ. ಮೀಟರ್ ತೋರಿಸುವುದು ಅದರ ಸೆನ್ಸರ್ ಇರುವ ಜಾಗದ ಬಿಸಿಯನ್ನು ಮಾತ್ರ. ಇಂಜಿನ್ನಿನ ಹೆಡ್ಡಿನೊಳಗೆ ಎಕ್ಸಾಸ್ಟ್ ವಾಲ್ವಿನ ಸುತ್ತ ಲೋಹ ಅದಕ್ಕಿಂತ ಎಷ್ಟೋ ಬಿಸಿ ಇರುತ್ತದೆ. ಅಲ್ಲಿ ಗುಳ್ಳೆ ಎದ್ದು ಉಗಿಯ ಪದರ ಕಟ್ಟಿಕೊಂಡರೆ ಲೋಹಕ್ಕೂ ನೀರಿಗೂ ಸಂಪರ್ಕ ತಪ್ಪುತ್ತದೆ, ಬಿಸಿ ಇನ್ನೂ ಏರುತ್ತದೆ. ಒತ್ತಡ ಇದ್ದರೆ ಆ ಗುಳ್ಳೆ ಬೇಗ ಏಳುವುದಿಲ್ಲ. ವಾಟರ್ ಪಂಪ್ ನೀರು ಎಳೆದುಕೊಳ್ಳುವ ಬಾಯಲ್ಲೂ ಇದೇ ಕಥೆ, ಒತ್ತಡ ಇಲ್ಲದಿದ್ದರೆ ಜೋರಾಗಿ ಓಡಿಸುವಾಗ ಅಲ್ಲಿ ಆವಿಯ ಗುಳ್ಳೆ ಎದ್ದು ಪಂಪ್ ಸರಿಯಾಗಿ ತಳ್ಳುವುದಿಲ್ಲ. ಇಂಜಿನ್ ಆಫ್ ಮಾಡಿದ ಮೇಲಿನ ಐದು ನಿಮಿಷವೂ ಮುಖ್ಯ. ಪಂಪ್ ನಿಂತಿರುತ್ತದೆ, ಬ್ಲಾಕಿನ ಬಿಸಿಯೆಲ್ಲ ನಿಂತ ನೀರಿಗೆ ಇಳಿಯುತ್ತದೆ. ಕ್ಯಾಪಿಗೆ ನಿಜವಾದ ಕೆಲಸ ಬೀಳುವುದು ಎಷ್ಟೋ ಸಲ ಆಗಲೇ. ಅದಕ್ಕೇ ಒತ್ತಡವೇ ಹಿಡಿಯದ ಸತ್ತ ಕ್ಯಾಪ್ ಇಟ್ಟುಕೊಂಡು ಓಡಿಸುವುದು ಕೂಡ ಬೇಡ.

ಹಾಗಾದರೆ ಜಾಸ್ತಿ ಇದ್ದಷ್ಟೂ ಒಳ್ಳೇದಲ್ವಾ? ಹೊಸ ಗಾಡಿಗೆ, ಕಂಪನಿ ಹೇಳಿದ ಅಂಕಿಯವರೆಗೆ, ಹೌದು. ಹಳೇ ಲಾರಿಗೆ ಅಲ್ಲ. ಹಳೇ ತಾಮ್ರ-ಹಿತ್ತಾಳೆ ರೇಡಿಯೇಟರಿನ ಮೇಲಿನ ಟ್ಯಾಂಕ್ ನೋಡಿ. ಅಗಲದ ಮುಖ 50 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಎತ್ತರ ಅಂದುಕೊಳ್ಳಿ. 7 ಪಿಎಸ್‌ಐ ಅಂದರೆ ಚದರ ಸೆಂಟಿಮೀಟರಿಗೆ ಅರ್ಧ ಕೆಜಿ. ಆ ಒಂದು ಮುಖದ ಮೇಲೇ 250 ಕೆಜಿ ಹತ್ತಿರ ಭಾರ ಒಳಗಿನಿಂದ ತಳ್ಳುತ್ತಿರುತ್ತದೆ. 13 ಮಾಡಿದರೆ 450 ದಾಟಿತು. 16 ಮಾಡಿದರೆ 560. ಇದನ್ನೆಲ್ಲ ಹಿಡಿದುಕೊಂಡಿರುವುದು ತೆಳು ಹಿತ್ತಾಳೆ ತಗಡು ಮತ್ತು ಅದರ ಅಂಚಿನ ಸೀಸದ ಬೆಸುಗೆ, ಅದೂ ಎಷ್ಟೋ ವರ್ಷ ಬಿಸಿಯಾಗಿ ತಣ್ಣಗಾಗಿ ಸುಸ್ತಾದ ಬೆಸುಗೆ. ಕೋರ್ ಹೊಸದು ಹಾಕಿಸಿದ್ದೇವೆ ಅನ್ನುವವರೂ ಎಷ್ಟೋ ಸಲ ಹಳೇ ಟ್ಯಾಂಕುಗಳನ್ನೇ ವಾಪಸ್ ಬೆಸೆಸಿರುತ್ತಾರೆ, ನನ್ನ ಗಾಡಿಯದ್ದೂ ಹಾಗೇ.

ರೇಡಿಯೇಟರ್ ತಡೆದುಕೊಂಡಿತು ಅನ್ನಿ, ಆಮೇಲೆ ಕ್ಯಾಬಿನ್ ಹೀಟರಿನ ಕೋರ್ ಇದೆ. ಹಳೇ ಗಾಡಿಗಳಲ್ಲಿ ಎಲ್ಲಕ್ಕಿಂತ ಮೊದಲು ಕೈಕೊಡುವುದು ಬಹುಪಾಲು ಅದೇ, ಕೊಡುವುದೂ ನೇರ ಪಕ್ಕದ ಸೀಟಿನವರ ಕಾಲ ಮೇಲೆ. ಆಮೇಲೆ ವಾಟರ್ ಪಂಪಿನ ಸೀಲ್, ಬ್ಲಾಕಿನ ತೂತು ಮುಚ್ಚುವ ಡಮ್ಮಿ ಪ್ಲಗ್‌ಗಳು, ಒಳಗಿನಿಂದ ಮೆತ್ತಗಾದ ಹೋಸ್‌ಗಳು. ಕ್ಯಾಪ್ ಆರಿಸುವುದು ಅಂದರೆ ಈ ಸಾಲಿನಲ್ಲಿ ಯಾವುದು ಎಲ್ಲಕ್ಕಿಂತ ದುರ್ಬಲ ಅಂತ ಆರಿಸುವುದು. ಇಂಜಿನ್ ಎಷ್ಟು ಬಿಸಿಯಾಗುತ್ತದೆ ಅನ್ನೋದು ಆಮೇಲಿನ ಮಾತು.

ಕಂಪನಿಯವರು ಎಷ್ಟು ಕೊಟ್ಟಿದ್ದರು ಅನ್ನೋದನ್ನು ಮೊದಲು ಹುಡುಕಿ. ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ, ಕೆಲವು ರೇಡಿಯೇಟರ್‌ಗಳ ಮೇಲೆ ಅಥವಾ ಮೂಲ ಕ್ಯಾಪಿನ ಮೇಲೇ ಕೆತ್ತಿರುತ್ತಾರೆ. ಒರಟು ಅಂದಾಜು ಬೇಕಾದರೆ, 1950ರ ದಶಕದ ಹಲವು ಲಾರಿಗಳಿಗೆ 4 ಅಥವಾ 7, 60ರ ದಶಕದಲ್ಲಿ 13ರ ಆಸುಪಾಸು, 70ರ ಹೊತ್ತಿಗೆ 15-16 ಸಾಮಾನ್ಯ. ಅದಕ್ಕೂ ಹಿಂದಿನ ಕೆಲವು ಗಾಡಿಗಳಿಗೆ ಒತ್ತಡವೇ ಇರಲಿಲ್ಲ. ಅವುಗಳ ಕತ್ತಿನೊಳಗೆ, ಅಂದರೆ ಕ್ಯಾಪ್ ಕೂರುವ ರೇಡಿಯೇಟರ್ ಬಾಯೊಳಗೆ, ಕ್ಯಾಪಿನ ರಬ್ಬರ್ ಕೂರುವ ಅಂಚು ಕೂಡ ಇರುವುದಿಲ್ಲ. ಅಂಥದ್ದಕ್ಕೆ ಪ್ರೆಶರ್ ಕ್ಯಾಪ್ ಹುಡುಕಲು ಹೋಗಲೇಬೇಡಿ.

ಈಗ ಮಾಲಿನ ವಿಚಾರ.

7ರ ಲಿವರ್ ಕ್ಯಾಪ್. ಕೈಗೆ ತಗೊಂಡರೆ ಭಾರ ಇದೆ. ಸ್ಟೀಲ್ ದಪ್ಪ, ಕಿವಿಗಳು ಕತ್ತಿನ ಅಂಚಿಗೆ ಸರಿಯಾಗಿ ಕಚ್ಚಿಕೊಳ್ಳುತ್ತವೆ, ತಿರುಗಿಸುವಾಗ ಮೊದಲ ಹಂತ ಎಲ್ಲಿ ಬಂತು ಅಂತ ಕೈಗೆ ಚೆನ್ನಾಗಿ ತಿಳಿಯುತ್ತದೆ. ಲಿವರ್ ಎತ್ತಿದರೆ ಒಳಗಿನ ವಾಲ್ವ್ ಮೇಲೆದ್ದು ಒತ್ತಡ ಪಕ್ಕದ ಪೈಪಿಗೆ ಹೋಗುತ್ತದೆ, ಕ್ಯಾಪ್ ತಿರುಗಿಸುವ ಮೊದಲೇ. ಇದೊಂದು ನಿಜವಾಗಿ ಉಪಯೋಗದ ಸೌಕರ್ಯ. ಆದರೂ ಬಿಸಿ ಇರುವಾಗ ಎತ್ತಬೇಡಿ. ಒತ್ತಡ ಇಳಿದ ಕೂಡಲೇ 100 ದಾಟಿದ ನೀರು ಅಲ್ಲೇ ಆವಿಯಾಗಿ ಹಾರುತ್ತದೆ, ಅದಕ್ಕೆ ಲಿವರ್ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಮೇಲಿನ ಹೋಸ್ ಹಿಸುಕಿದರೆ ಮೆತ್ತಗೆ ಒತ್ತಬೇಕು, ಕೈಯಿಟ್ಟರೆ ಬಿಸಿ ತಡೆಯುವಂತಿರಬೇಕು, ಆಮೇಲೆ ಲಿವರ್. ಈ ಕ್ಯಾಪಿನ ಕೊರತೆ ಅಂದರೆ ಲಿವರಿನ ಕಡ್ಡಿ ಕ್ಯಾಪಿನ ಮೂಲಕ ಹಾದುಹೋಗುವ ಜಾಗ. ಅಲ್ಲಿ ಇನ್ನೊಂದು ಚಿಕ್ಕ ಸೀಲ್ ಇದೆ, ಅಂದರೆ ಸೋರಲು ಇನ್ನೊಂದು ದಾರಿ. ಬಾನೆಟ್ ಕೆಳಗೆ ಜಾಗ ಕಮ್ಮಿ ಇದ್ದರೆ ಲಿವರ್ ತಾಗುತ್ತದೆಯೋ ನೋಡಿಕೊಳ್ಳಿ, ಮತ್ತೆ ಕೆಲಸ ಮುಗಿದ ಮೇಲೆ ಲಿವರ್ ಕೆಳಗೆ ಕೂರಿಸಿದ್ದೀರಾ ಅಂತಲೂ. ಎದ್ದೇ ಇದ್ದರೆ ಒತ್ತಡ ಸೊನ್ನೆ. ಟೆಸ್ಟರಿನಲ್ಲಿ (ಮೀಟರ್ ಇರುವ ಕೈಪಂಪ್, ಕ್ಯಾಪ್ ಎಷ್ಟು ಒತ್ತಡ ಹಿಡಿಯುತ್ತದೆ ಅಂತ ನೋಡುವುದಕ್ಕೆ) ಇದು 7ರ ಹತ್ತಿರವೇ ಒತ್ತಡ ಬಿಟ್ಟಿತು, ಬಿಟ್ಟ ಮೇಲೆ ಸ್ವಲ್ಪ ಇಳಿದು ಹಾಗೇ ನಿಂತಿತು. ಕ್ಯಾಪ್ ಅಂದರೆ ಹೀಗಿರಬೇಕು. ಐದಕ್ಕೆ ನಾಲ್ಕೂವರೆ.

13ರದ್ದು ಸಾದಾ ಕ್ಯಾಪ್, ಲಿವರ್ ಇಲ್ಲ. ಇದರ ರಬ್ಬರ್ ಮೂರರಲ್ಲೂ ಒಳ್ಳೇದು. ಉಗುರಿನಿಂದ ಒತ್ತಿದರೆ ಗುಳಿ ಬಿದ್ದು ತಕ್ಷಣ ಎದ್ದು ಬರುತ್ತದೆ. ನಡುವಿನ ಚಿಕ್ಕ ವಾಲ್ವ್, ಅಂದರೆ ಗಾಡಿ ತಣ್ಣಗಾಗುವಾಗ, ಉಕ್ಕಿ ಬಂದ ನೀರು ಹಿಡಿದಿಡುವ ಬಾಟಲಿಯಿಂದ ನೀರು ಒಳಗೆ ಎಳೆದುಕೊಳ್ಳುವ ವಾಲ್ವ್, ಬೆರಳ ತುದಿಯಿಂದ ಎಳೆದರೆ ಸಲೀಸಾಗಿ ಬಂದು ಸಲೀಸಾಗಿ ವಾಪಸ್ ಕೂತಿತು. ಇದನ್ನು ಯಾರೂ ನೋಡುವುದೇ ಇಲ್ಲ. ಬೆಳಗ್ಗೆ ಎದ್ದು ನೋಡಿದಾಗ ಮೇಲಿನ ಹೋಸ್ ಚಪ್ಪಟೆಯಾಗಿ ಅಂಟಿಕೊಂಡಿದ್ದರೆ ಈ ವಾಲ್ವ್ ಕಚ್ಚಿಕೊಂಡಿದೆ ಅಂತ ಅರ್ಥ, ಹೋಸನ್ನು ಬೈದು ಪ್ರಯೋಜನ ಇಲ್ಲ. ಮೇಲ್ಗಡೆ ಇನ್ನೊಂದು ಅಗಲ ರಬ್ಬರ್ ವಾಷರ್ ಕೂಡ ಇದೆ, ಆದ್ದರಿಂದ ಬಾಟಲಿ ಇರುವ ಗಾಡಿಗೆ ಸರಿಹೊಂದುತ್ತದೆ. ಹಳೇ ಲಾರಿಗೆ ಆಮೇಲೆ ಬಾಟಲಿ ಕೂರಿಸಿದವರು ಇದನ್ನು ಗಮನಿಸಿ: ಮೇಲಿನ ವಾಷರ್ ಇಲ್ಲದ ಕ್ಯಾಪ್ ಹಾಕಿದರೆ ತಣ್ಣಗಾಗುವಾಗ ನೀರಿನ ಬದಲು ಗಾಳಿ ಎಳೆದುಕೊಳ್ಳುತ್ತದೆ, ಬಾಟಲಿ ತುಂಬುತ್ತಾ ಹೋಗುತ್ತದೆ, ರೇಡಿಯೇಟರ್ ಖಾಲಿಯಾಗುತ್ತಾ ಹೋಗುತ್ತದೆ. ಟೆಸ್ಟರಿನಲ್ಲಿ 13ರ ಸ್ವಲ್ಪ ಮೇಲೆ ಬಿಟ್ಟಿತು. ಐದಕ್ಕೆ ನಾಲ್ಕೂವರೆ ಇದಕ್ಕೂ. ಹೀಟರ್ ಕೋರ್ ಮತ್ತು ಟ್ಯಾಂಕ್ ಹೊಸದು ಹಾಕಿದ, 60ರ ದಶಕದ ನಂತರದ ಇಂಜಿನ್ ಇರುವ ಗಾಡಿಯಾಗಿದ್ದರೆ ನಾನು ಕಣ್ಣು ಮುಚ್ಚಿ ಇದನ್ನೇ ಹಾಕುತ್ತಿದ್ದೆ.

16ರದ್ದು ಹೆವಿ ಡ್ಯೂಟಿ ಅಂತ ದೊಡ್ಡ ಅಕ್ಷರದಲ್ಲಿ ಬರೆದುಕೊಂಡು ಬಂದಿತ್ತು. ಕಂಪನಿ ಹೆಸರು ಬೇಡ. ರಬ್ಬರಿನ ಅಂಚಿನಲ್ಲಿ ಅಚ್ಚಿನ ಚೂರು ಹಾಗೇ ಉಳಿದಿತ್ತು, ಕೂರುವ ಜಾಗದಲ್ಲೇ, ಕೂದಲಿನಷ್ಟು ಸಣ್ಣ ದಿಬ್ಬ. ನಡುವಿನ ವಾಲ್ವ್ ಒಂದು ಕಡೆ ವಾಲಿಕೊಂಡಿತ್ತು. ಸ್ಪ್ರಿಂಗ್ ಒತ್ತಿದರೆ ನೇರ ಹೋಗದೆ ಪಕ್ಕಕ್ಕೆ ಬಾಗುತ್ತಿತ್ತು. ಟೆಸ್ಟರಿಗೆ ಹಾಕಿ ಪಂಪ್ ಹೊಡೆದರೆ 11ಕ್ಕೇ ಬುಸ್ ಅಂತು, ಅಲ್ಲಿಗೂ ನಿಲ್ಲದೆ ಇಳಿಯುತ್ತಾ 4ರ ಕೆಳಗೆ ಹೋಯಿತು. ರಬ್ಬರ್ ಒಣಗಿದ್ದರೆ ಒಳ್ಳೇ ಕ್ಯಾಪ್ ಕೂಡ ಸೋರುತ್ತದೆ, ಅದಕ್ಕೆ ನೀರು ಸವರಿ ಮತ್ತೆ ಹಾಕಿದೆ. ಅದೇ ಹಾಡು. ಮೇಲೆ 16 ಅಂತ ಬರೆದಿರುವುದಕ್ಕೂ ಒಳಗಿನ ಸ್ಪ್ರಿಂಗಿಗೂ ಸಂಬಂಧವೇ ಇಲ್ಲ. ಒಂದು ಅಂಕ ಕೊಡುತ್ತೇನೆ, ಡಬ್ಬಿ ಗಟ್ಟಿ ಇತ್ತು ಅಂತ.

ಇದರ ಜೊತೆಗೇ ಹೇಳಬೇಕಾದದ್ದು ಕತ್ತಿನ ಆಳ. ಅಮೆರಿಕನ್ ಮಾದರಿಯ ಕತ್ತುಗಳಲ್ಲಿ, ಮೇಲಿನ ಅಂಚಿನಿಂದ ಒಳಗೆ ರಬ್ಬರ್ ಕೂರುವ ಅಂಚಿನವರೆಗೆ, ಸಾಮಾನ್ಯವಾಗಿ ಮುಕ್ಕಾಲು ಇಂಚು ಇರುತ್ತದೆ, ಅಂದರೆ 19 ಮಿಲಿಮೀಟರ್. ಹಳೇ ಗಾಡಿಗಳಲ್ಲಿ ಒಂದು ಇಂಚು ಆಳದ ಕತ್ತು ಕೂಡ ಸಿಗುತ್ತದೆ. ಎರಡಕ್ಕೂ ಮೇಲಿನ ಅಗಲ ಒಂದೇ ಇರಬಹುದು, ಕ್ಯಾಪ್ ಚೆನ್ನಾಗಿಯೇ ಕೂತ ಹಾಗೆ ಕಾಣುತ್ತದೆ. ಆದರೆ ಆಳದ ಕತ್ತಿಗೆ ಗಿಡ್ಡ ಕ್ಯಾಪ್ ಹಾಕಿದರೆ ಸ್ಪ್ರಿಂಗ್ ಸರಿಯಾಗಿ ಒತ್ತಿಕೊಳ್ಳುವುದಿಲ್ಲ, ಕೆಲವೊಮ್ಮೆ ರಬ್ಬರ್ ಅಂಚನ್ನು ಮುಟ್ಟುವುದೇ ಇಲ್ಲ. 13ರ ಕ್ಯಾಪ್ 3ಕ್ಕೋ 4ಕ್ಕೋ ಬಿಡುತ್ತದೆ. ಗಿಡ್ಡ ಕತ್ತಿಗೆ ಉದ್ದದ ಕ್ಯಾಪ್ ಹಾಕಿದರೆ ಒಂದೋ ತಿರುಗುವುದಿಲ್ಲ, ಬಲವಂತ ಮಾಡಿ ತಿರುಗಿಸಿದರೆ ಬರೆದಿರುವುದಕ್ಕಿಂತ ಜಾಸ್ತಿ ಒತ್ತಡ ಹಿಡಿಯುತ್ತದೆ, ಇದು ಇನ್ನೂ ಅಪಾಯ. ವರ್ನಿಯರ್ ಕ್ಯಾಲಿಪರಿನ ಬಾಲ ಒಳಗಿಟ್ಟು ಅಳೆಯಿರಿ, ಒಂದು ನಿಮಿಷದ ಕೆಲಸ. ಟೆಸ್ಟರಿನ ಅಡಾಪ್ಟರ್ ಕೂಡ ನಿಮ್ಮ ಕತ್ತಿನಷ್ಟೇ ಆಳದ್ದಿರಬೇಕು, ಇಲ್ಲದಿದ್ದರೆ ಒಳ್ಳೇ ಕ್ಯಾಪಿಗೆ ಸುಮ್ನೆ ಕೆಟ್ಟ ಹೆಸರು. ನನ್ನ ಮೂರೂ ಮುಕ್ಕಾಲು ಇಂಚಿನವು, ಗಾಡಿಯದ್ದೂ ಅಡಾಪ್ಟರಿನದ್ದೂ ಅಷ್ಟೇ, ಹಾಗಾಗಿ 16ರದ್ದಕ್ಕೆ ಆ ನೆಪವೂ ಇಲ್ಲ.

ಕ್ಯಾಪ್ ಮೇಲಿನ ಅಂಕಿಯಲ್ಲೂ ಗೊಂದಲ ಇದೆ. ಜಪಾನಿ ಕ್ಯಾಪುಗಳ ಮೇಲೆ 0.9 ಅಥವಾ 1.1 ಅಂತ ಇರುತ್ತದೆ. ಅದು ಚದರ ಸೆಂಟಿಮೀಟರಿಗೆ ಕೆಜಿ ಲೆಕ್ಕ. 0.9 ಅಂದರೆ 13 ಪಿಎಸ್‌ಐ, 1.1 ಅಂದರೆ 16. ಯುರೋಪಿನವುಗಳ ಮೇಲೆ 100, 140 ಅಂತ ಕಂಡರೆ ಹೆದರಬೇಡಿ, 100 ಅಂದರೆ 1 ಬಾರ್, ಪಿಎಸ್‌ಐಯಲ್ಲಿ 14.5. ನಮ್ಮ 7ರದ್ದು ಈ ಲೆಕ್ಕದಲ್ಲಿ 0.5 ಅಷ್ಟೇ. '0.9 ಅಂದರೆ ಕಮ್ಮಿ ಅಲ್ವಾ, ಹಾಕೋಣ' ಅಂತ 7ರ ಗಾಡಿಗೆ 13 ಕೂರಿಸಿಕೊಂಡವರನ್ನು ನೋಡಿದ್ದೇನೆ.

ಟೆಸ್ಟರನ್ನು ಬರೀ ಕ್ಯಾಪಿಗಲ್ಲ, ಗಾಡಿಗೂ ಹಾಕಿ. ಇಂಜಿನ್ ತಣ್ಣಗಿರುವಾಗ ಕ್ಯಾಪ್ ಜಾಗಕ್ಕೆ ಪಂಪ್ ಕೂರಿಸಿ, ಹಾಕಬೇಕೆಂದಿರುವ ಕ್ಯಾಪಿನ ಅಂಕಿಯವರೆಗೆ ಮಾತ್ರ ಹೊಡೆದು ಬಿಡಿ, ಅದಕ್ಕಿಂತ ಮೇಲೆ ಹೋಗಬೇಡಿ. ಮುಳ್ಳು ನಿಂತಿದ್ದರೆ ಸರಿ. ಇಳಿಯುತ್ತಿದ್ದರೆ ಟಾರ್ಚ್ ಹಿಡಿದು ಹೋಸ್ ಕ್ಲಿಪ್, ಪಂಪಿನ ಕೆಳಗಿನ ಚಿಕ್ಕ ತೂತು, ಕ್ಯಾಬಿನ್ ಒಳಗಿನ ಮ್ಯಾಟ್ ನೋಡುತ್ತಾ ಹೋಗಿ. ನನ್ನ ಗಾಡಿ 7ಕ್ಕೆ ಅಲ್ಲಾಡದೆ ನಿಂತಿತು. 10 ದಾಟಿಸಿದಾಗ ಮುಳ್ಳು ನಿಧಾನಕ್ಕೆ ಜಾರತೊಡಗಿತು, ಹೀಟರ್ ಡಬ್ಬಿಯ ಕೆಳ ಮೂಲೆಯಲ್ಲಿ ಒಂದು ಹನಿ ಹಸಿರು ಕೂಲೆಂಟ್ ಕಂಡಿತು. ಅಲ್ಲಿಗೆ 13ರ ಮಾತು ಮುಗಿಯಿತು.

ಇನ್ನೊಂದು ವಿಚಾರ, ಕ್ಯಾಪಿನಿಂದ ನೀರು ಹೊರಗೆ ಬರುತ್ತಿದೆ ಅಂದ ತಕ್ಷಣ ದೊಡ್ಡ ಕ್ಯಾಪ್ ತರಬೇಡಿ. ಹಳೇ ಲಾರಿಗಳಲ್ಲಿ ನೀರು ಮೇಲಿನಿಂದ ಕೆಳಗೆ ಹರಿಯುವ ರೇಡಿಯೇಟರ್ ಇರುತ್ತದೆ, ಕ್ಯಾಪ್ ಇರುವುದು ಮೇಲಿನ ಟ್ಯಾಂಕಿನಲ್ಲಿ, ಅಂದರೆ ಪಂಪ್ ತಳ್ಳಿದ ನೀರು ಬಂದು ಬೀಳುವ ಕಡೆ. ಕೋರಿನ ಟ್ಯೂಬ್ ಅರ್ಧ ಕಟ್ಟಿದ್ದರೆ, ಜೋರಾಗಿ ಓಡಿಸುವಾಗ ಬಂದ ನೀರು ಕೆಳಗೆ ಇಳಿಯಲಾರದೆ ಟ್ಯಾಂಕಿನಲ್ಲೇ ಒತ್ತಿ ಕ್ಯಾಪನ್ನು ಎತ್ತುತ್ತದೆ. ಐಡಲ್‌ನಲ್ಲಿ ಸುಮ್ಮನಿದ್ದು ಹೈವೇಯಲ್ಲಿ ಮಾತ್ರ ಉಗುಳುವ ಗಾಡಿ ಇದ್ದರೆ ಮೊದಲು ಇದನ್ನೇ ಅನುಮಾನಿಸಿ. ತಣ್ಣಗೆ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್) ಕಡೆ ನೋಡಿ.

ಏನೂ ತೊಂದರೆ ಇಲ್ಲದ ಗಾಡಿಯೂ ಉಗುಳುತ್ತದೆ, ಕತ್ತಿನವರೆಗೆ ತುಂಬಿಸಿದ್ದರೆ. 20 ಡಿಗ್ರಿಯಿಂದ 90ಕ್ಕೆ ಹೋದರೆ ನೀರು ನೂರಕ್ಕೆ ಮೂರೂವರೆಯಷ್ಟು ಹಿಗ್ಗುತ್ತದೆ, ಕೂಲೆಂಟ್ ಬೆರೆಸಿದ್ದರೆ ಇನ್ನೂ ಸ್ವಲ್ಪ ಜಾಸ್ತಿ. 16 ಲೀಟರ್ ಹಿಡಿಯುವ ಗಾಡಿಯಲ್ಲಿ ಅರ್ಧ ಲೀಟರಿಗೂ ಮೇಲಾಯಿತು. ಬಾಟಲಿ ಇಲ್ಲದಿದ್ದರೆ ಅದು ರಸ್ತೆಗೆ. ಟ್ಯೂಬುಗಳು ಮುಳುಗಿ, ಕತ್ತಿನ ಕೆಳಗೆ ಎರಡು ಮೂರು ಸೆಂಟಿಮೀಟರ್ ಖಾಲಿ ಇದ್ದರೆ ಅದೇ ಸರಿಯಾದ ಮಟ್ಟ. ದಿನಾ ಬೆಳಗ್ಗೆ ತುಂಬಿಸಿ ದಿನಾ ಚೆಲ್ಲಿಸಿ 'ಕುಡೀತಾ ಇದೆ' ಅನ್ನುವವರು ಒಂದು ವಾರ ಕೈ ಹಾಕದೆ ಬಿಟ್ಟು ಮಟ್ಟ ಎಲ್ಲಿ ನಿಲ್ಲುತ್ತದೆ ನೋಡಲಿ.

ಸದ್ಯಕ್ಕೆ 13ರದ್ದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಟೂಲ್ ಬಾಕ್ಸಿನಲ್ಲಿದೆ, ಹೀಟರ್ ಕೋರ್ ಬದಲಾಯಿಸಿ ಟ್ಯಾಂಕಿನ ಅಂಚು ಮತ್ತೆ ಬೆಸೆಸಿದ ದಿನ ಮತ್ತೆ ಟೆಸ್ಟರ್ ಹಾಕಿ ನೋಡುತ್ತೇನೆ. 16ರದ್ದು ವಾಪಸ್ ಕಳಿಸಿದ್ದೇನೆ. ಮಾರಿದವರು 'ನಿಮ್ಮ ಟೆಸ್ಟರ್ ಸರಿ ಇಲ್ಲ' ಅಂದರು, ಉಳಿದೆರಡು ಕ್ಯಾಪ್ ಅದೇ ಟೆಸ್ಟರಿನಲ್ಲಿ ಸರಿಯಾಗಿ ಬಿಟ್ಟ ವಿಡಿಯೋ ಕಳಿಸಿದ ಮೇಲೆ ದುಡ್ಡು ವಾಪಸ್ ಬಂತು. ಅಂದಹಾಗೆ, ಕ್ಯಾಪಿನ ರಬ್ಬರಿಗೆ ಗ್ರೀಸ್ ಸವರಬೇಡಿ, ಕೆಲವು ಬಗೆಯ ರಬ್ಬರ್ ಊದಿಕೊಳ್ಳುತ್ತದೆ. ಬರೀ ನೀರಿನಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸಿ, ಕತ್ತಿನೊಳಗಿನ ಅಂಚನ್ನೂ ಒರೆಸಿ. ರಬ್ಬರಿನ ಮೇಲೆ ಉಂಗುರದಂಥ ಗುಳಿ ಆಳವಾಗಿ ಬಿದ್ದಿದ್ದರೆ ಹೊಸ ಕ್ಯಾಪ್ ತನ್ನಿ, ಹಳೇ ಅಂಕಿಯದ್ದೇ.